ಕೈಬದಲಾದ ಲ್ಯಾಪ್‌ಟಾಪು

ಸೋಯಾಬೀನಿನ ರಾಶಿ ಮುಗಿದು, ಭಾಲ್ಕಿಯ ಅಥವಾ ಔರಾದಿನ ಅಡತಿಯಿಂದ ಅದರ ಹಣ ಮನೆಗೆ ಬರುವ ಕಾರ್ತಿಕದ ದಿನಗಳಲ್ಲಿ, ಕಾಲೇಜಿಗೆ ಹೋಗುವ ಮಗನೋ ಮಗಳೋ ಆಷಾಢದಿಂದಲೂ ಮುಂದಿಡುತ್ತ ಬಂದ ಬೇಡಿಕೆಯೊಂದು ಪುನಃ ತಲೆಯೆತ್ತುವುದು ಬೀದರ ಸೀಮೆಯ ಒಕ್ಕಲು ಮನೆಗಳಲ್ಲಿ ಈಗ ವಾಡಿಕೆಯ ಸಂಗತಿಯಾಗಿದೆ. ಹೊಸ ಲ್ಯಾಪ್‌ಟಾಪು ಎಂದರೆ ನಲವತ್ತು ಸಾವಿರದ ಮಾತು. ಸೆಕೆಂಡ್ ಹ್ಯಾಂಡ್ ಎಂದರೆ ಹದಿನೈದು ಸಾವಿರದ ಆಸುಪಾಸು. ಈ ಎರಡು ಮೊತ್ತಗಳ ಅಂತರವನ್ನು ಕಂಡೊಡನೆ ತಂದೆಯು ಅರ್ಧ ನಿಶ್ಚಯಕ್ಕೆ ಬಂದುಬಿಡುತ್ತಾನೆ. ಉಳಿದರ್ಧವನ್ನು ಅಂಗಡಿಯವನ ಮಾತು ಪೂರೈಸುತ್ತದೆ. ಆದರೆ ಹಳೆಯ ಯಂತ್ರವನ್ನು ಕೊಳ್ಳುವವನು ವಸ್ತುತಃ ಹಣ ತೆರುವುದು ಅದರಲ್ಲಿ ಉಳಿದಿರುವ ಆಯುಷ್ಯಕ್ಕೆ. ಆ ಆಯುಷ್ಯವೆಷ್ಟೆಂಬುದನ್ನು ಬೆಲೆಯಿಂದಾಗಲಿ ಮೈಯ ಹೊಳಪಿನಿಂದಾಗಲಿ ಊಹಿಸಲಾಗದು, ಅಳೆದೇ ತಿಳಿಯಬೇಕು. ಅಳೆಯುವ ಉಪಾಯಗಳೂ ಅಷ್ಟೇನೂ ದುರ್ಲಭವಾದುವಲ್ಲ.

ಇಷ್ಟು ಅಗ್ಗಕ್ಕೆ ಇವು ಎಲ್ಲಿಂದ ಬರುತ್ತವೆಂಬ ಶಂಕೆ ಸಹಜವಾದುದೇ. ಕಳವಿನ ಮಾಲಿರಬಹುದೆಂದು ಹೆದರುವವರೂ ಉಂಟು. ಸಾಮಾನ್ಯವಾಗಿ ಹಾಗೇನೂ ಇರುವುದಿಲ್ಲ. ದೊಡ್ಡ ಕಂಪನಿಗಳು ತಮ್ಮ ನೌಕರರಿಗಾಗಿ ಲ್ಯಾಪ್‌ಟಾಪುಗಳನ್ನು ಗುತ್ತಿಗೆಯ ಮೇಲೆ ತರಿಸಿಕೊಂಡು, ಮೂರು ನಾಲ್ಕು ವರ್ಷಗಳ ಅವಧಿ ತೀರಿದೊಡನೆ, ಯಂತ್ರ ಸುಸ್ಥಿತಿಯಲ್ಲಿದ್ದರೂ ಲೆಕ್ಕದ ಪ್ರಕಾರ ಹಿಂದಿರುಗಿಸಿಬಿಡುತ್ತವೆ. ಹೀಗೆ ಹಿಂದಿರುಗಿದ ಡೆಲ್ ಲ್ಯಾಟಿಟ್ಯೂಡ್, ಲೆನೊವೊ ಥಿಂಕ್‌ಪ್ಯಾಡ್, ಎಚ್‌ಪಿ ಎಲೀಟ್‌ಬುಕ್‌ಗಳು ಸಗಟಾಗಿ ಮಾರಾಟವಾಗಿ, ಬೆಂಗಳೂರಿನ ಎಸ್.ಪಿ. ರಸ್ತೆ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಮೊದಲಾದ ಪೇಟೆಗಳನ್ನು ಹೊಕ್ಕು, ಅಲ್ಲಿ ಒರೆಸಿ ಉಜ್ಜಿಸಿಕೊಂಡು ಸಣ್ಣ ಊರುಗಳತ್ತ ಹೊರಡುತ್ತವೆ. ಬೀದರಿಗೆ ಸಿಕಂದರಾಬಾದೇ ಸಮೀಪ, ಸುಮಾರು 140 ಕಿಲೋಮೀಟರಿನ ದಾರಿ; 1956ರಲ್ಲಿ ಈ ಜಿಲ್ಲೆಯು ಹೈದರಾಬಾದ್ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತಾದರೂ, ವ್ಯಾಪಾರ ಮಾತ್ರ ತನ್ನ ಹಳೆಯ ಜಾಡನ್ನು ಬಿಟ್ಟಿಲ್ಲ.

ಅಗ್ಗಕ್ಕೆ ಇನ್ನೊಂದು ಕಾರಣವುಂಟು. ಅದನ್ನು ಅಂಗಡಿಯವನು ತಾನಾಗಿ ಹೇಳಲಾರನು. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಪ್ರತ್ಯೇಕವಾಗಿ ನೋಂದಾಯಿಸಿಕೊಂಡ ಮನೆಬಳಕೆಯ ಯಂತ್ರಗಳಿಗೆ ಮಾತ್ರ ಭದ್ರತೆಯ ತಿದ್ದುಪಡಿಗಳು ಇನ್ನೊಂದು ವರ್ಷ ದೊರೆಯುವಂತೆ ವಾಯಿದೆ ಕೊಟ್ಟಿತು. ಅದರ ಮುಂದಿನ ವಿಂಡೋಸ್ 11 ಆದರೋ, ಕೆಲವೇ ಅಪವಾದಗಳನ್ನು ಬಿಟ್ಟರೆ, 2017ರಲ್ಲಿ ಹೊರಬರತೊಡಗಿದ ಇಂಟೆಲ್‌ನ 8ನೆಯ ಪೀಳಿಗೆಯ ಪ್ರೊಸೆಸರನ್ನೋ ಅದಕ್ಕಿಂತ ಈಚಿನದನ್ನೋ ಅಪೇಕ್ಷಿಸುತ್ತದೆ. ಹೀಗಾಗಿ ನಿನ್ನೆಯವರೆಗೆ ನೆಟ್ಟಗೆ ನಡೆಯುತ್ತಿದ್ದ 6ನೆಯ, 7ನೆಯ ಪೀಳಿಗೆಯ ಅಸಂಖ್ಯ ಯಂತ್ರಗಳು, ಒಂದು ಕೀಲೂ ಸವೆಯದೆ, ಒಂದು ತಿರುಪೂ ಸಡಿಲವಾಗದೆ, ಬರಿಯ ಒಂದು ಗೆರೆಯ ಆಚೆಗೆ ಬಿದ್ದುವು. ಹತ್ತು ಸಾವಿರಕ್ಕೂ ಕಡಿಮೆಗೆ ಸಿಕ್ಕುವ ಮಾಲಿನಲ್ಲಿ ಇಂಥವೇ ಹೆಚ್ಚು. ತಪಾಸಣೆಯನ್ನು ತಪ್ಪಿಸಿ ಅವುಗಳಲ್ಲಿಯೂ ವಿಂಡೋಸ್ 11ನ್ನು ಕೂಡಿಸಿಕೊಡುವ ಚಮತ್ಕಾರ ನಮ್ಮ ರಿಪೇರಿ ಹುಡುಗರಿಗೆಲ್ಲ ಗೊತ್ತಿದೆ. ಅದು ಇಂದು ನಡೆದರೂ, ನಾಳಿನ ಅಪ್‌ಡೇಟಿಗೆ ಮೈಕ್ರೋಸಾಫ್ಟ್ ಹೊಣೆಯಲ್ಲ.

ಪೀಳಿಗೆಯನ್ನು ತಿಳಿಯುವ ಬಗೆ ಸುಲಭ. ಐ5-8250ಯು ಎಂದಿದ್ದರೆ ಅಡ್ಡಗೆರೆಯ ನಂತರದ 8 ಪೀಳಿಗೆಯನ್ನು ಸೂಚಿಸುತ್ತದೆ; ಐ5-10210ಯು ಎಂದಿದ್ದರೆ ಅದು 10ನೆಯದು. ಐ7 ಎಂಬ ಹೆಸರು ಕೇಳಿಯೇ ಐ5ಕ್ಕಿಂತ ಮಿಗಿಲೆಂದು ಭಾವಿಸುವುದು ಎಲ್ಲೆಡೆಯೂ ಕಂಡುಬರುವ ಭ್ರಾಂತಿ: 7ನೆಯ ಪೀಳಿಗೆಯ ಐ7-7500ಯುವಿನಲ್ಲಿ ಇರುವುದು ಎರಡೇ ಕೋರು, 8ನೆಯ ಪೀಳಿಗೆಯ ಐ5-8250ಯುವಿನಲ್ಲಿ ನಾಲ್ಕು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಹಲಗೆಯನ್ನು ತೂಗುಹಾಕಿ ಒಳಗೆ ಕನ್ನಡದ ಪಾಠ ಹೇಳಿಸಿದರೆಂಬುದನ್ನು ಈ ಸೀಮೆಯಲ್ಲಿ ಕೇಳದವರಿಲ್ಲ. ಹೊರಗಿನ ಬರಹಕ್ಕೂ ಒಳಗಿನ ವಸ್ತುವಿಗೂ ಸಂಬಂಧವಿಲ್ಲದಿರುವುದು ಅಲ್ಲಿ ಪುಣ್ಯಕಾರ್ಯವಾಗಿತ್ತು, ಲ್ಯಾಪ್‌ಟಾಪಿನ ಅಂಗೈಪಟ್ಟಿಗೆ ಅಂಟಿಸಿದ ಬಣ್ಣದ ಚೀಟಿಯಲ್ಲಿ ಅದು ಶುದ್ಧ ವಂಚನೆ. ಆ ಚೀಟಿಗಳು ಬಿಡಿಯಾಗಿಯೂ ದೊರೆಯುತ್ತವೆ. ಆದುದರಿಂದ ಚೀಟಿಯನ್ನು ಓದದೆ, ಟಾಸ್ಕ್ ಮ್ಯಾನೇಜರನ್ನು ತೆರೆದು, ಪರ್ಫಾರ್ಮೆನ್ಸ್ ಎಂಬಲ್ಲಿ ಯಂತ್ರವೇ ತನ್ನ ಹೆಸರನ್ನು ಹೇಳುವಂತೆ ಮಾಡತಕ್ಕದ್ದು.

ಬ್ಯಾಟರಿಯ ವಿಷಯದಲ್ಲಿ ಕೊಂಚ ನಿಧಾನಿಸಬೇಕು. "ಚಾರ್ಜ್ ಛಲೋ ನಿಲ್ತದರಿ, ನಾಲ್ಕ್ ತಾಸಿಗೆ ಮೋಸಿಲ್ಲ" ಎಂಬ ಭರವಸೆಯನ್ನು ಕೇಳಿಸಿಕೊಂಡು, ನಗುಮುಖದಿಂದಲೇ ಕಮಾಂಡ್ ಪ್ರಾಂಪ್ಟನ್ನು ತೆರೆದು ಪವರ್‌ಸಿಎಫ್‌ಜಿ ಎಂದು ಬರೆದು, ಒಂದು ಅಂತರ ಬಿಟ್ಟು, ಓರೆಗೆರೆಯೊಡನೆ ಬ್ಯಾಟರಿರಿಪೋರ್ಟ್ ಎಂಬ ಪದವನ್ನು ಕೂಡಿಸಿ ಒತ್ತಿದರೆ, ಯಂತ್ರವು ತನ್ನ ಬ್ಯಾಟರಿಯ ಜಾತಕವನ್ನೇ ಒಂದು ಪುಟವಾಗಿ ಬರೆದು ಕೊಡುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ ಎಂಬುದರ ಎದುರಿಗೆ 60,000 ಎಂದೂ, ಫುಲ್ ಚಾರ್ಜ್ ಕೆಪಾಸಿಟಿ ಎಂಬುದರ ಎದುರಿಗೆ 27,000 ಎಂದೂ ಇದ್ದುದಾದರೆ, ಹುಟ್ಟಿದಾಗಿನ ಶಕ್ತಿಯಲ್ಲಿ ಅರ್ಧಕ್ಕೂ ಹೆಚ್ಚು ಕರಗಿಹೋಗಿದೆಯೆಂದು ಅರ್ಥ. ನಾಲ್ಕು ತಾಸಿನ ಮಾತು ಅಲ್ಲಿಗೇ ಮುಗಿಯಿತು. ಹಾಗೆಂದು ಯಂತ್ರವನ್ನು ನಿರಾಕರಿಸಬೇಕಾಗಿಲ್ಲ. ಬೇರೆ ಬ್ಯಾಟರಿಗೆ ಎರಡು ಮೂರು ಸಾವಿರ ಬೀಳುವುದೆಂದು ಲೆಕ್ಕ ಹಿಡಿದು, ಅಷ್ಟನ್ನು ಬೆಲೆಯಲ್ಲಿ ಕಳೆಯಿರೆಂದು ಕೇಳುವುದು ನ್ಯಾಯ. ಬೀದರ ನಗರದಲ್ಲಿ ಮೇಜಿನ ಬಳಿ ಸದಾ ವಿದ್ಯುತ್ತಿರುವವನಿಗೆ ಬ್ಯಾಟರಿಯು ಅಲಂಕಾರವಾದೀತು. ಔರಾದ ತಾಲ್ಲೂಕಿನ ಹಳ್ಳಿಯಲ್ಲಿ ಕರೆಂಟು ಹೋದ ಗಳಿಗೆಯಲ್ಲಿ ಅರ್ಧ ಬರೆದ ಪ್ರಾಜೆಕ್ಟು ಉಳಿಯುವುದು ಅದರಿಂದಲೇ.

ಉಳಿದುವನ್ನು ಬೇಗನೆ ಹೇಳಿ ಮುಗಿಸಬಹುದು. ಹಳೆಯ ಕಂಪನಿಯು ಹಾಕಿದ್ದ ಬಯಾಸ್ ಪಾಸ್‌ವರ್ಡು ಹಾಗೆಯೇ ಉಳಿದಿರುವುದುಂಟು. ಯಂತ್ರವನ್ನು ಆರಿಸಿ ಹೊತ್ತಿಸುತ್ತ ಎಫ್2 ಕೀಲಿಯನ್ನೋ, ಎಫ್1, ಎಫ್10 ಕೀಲಿಗಳನ್ನೋ ಒತ್ತಿದಾಗ ಅದು ಗುಪ್ತಪದವನ್ನು ಕೇಳಿದರೆ ಎದ್ದು ಬರುವುದು ಲೇಸು. ತೆರೆಯನ್ನು ನಾಲ್ಕಾರು ಬಾರಿ ಮಡಿಸಿ ಬಿಚ್ಚಿ ಕೀಲುಗಳ ದೃಢತೆಯನ್ನು ನೋಡಬೇಕು. ಪರದೇಶದಿಂದ ಬಂದ ಮಾಲಾದರೆ ಕೀಬೋರ್ಡಿನ ಮೇಲೆ ಜರ್ಮನ್ ಅಥವಾ ಅರಬಿ ಅಕ್ಷರಗಳಿದ್ದು, ಅವನ್ನು ಮುಚ್ಚಿದ ಇಂಗ್ಲಿಷ್ ಚೀಟಿಗಳು ಬೆವರಿನ ಕೈಗೆ ಅಂಟಿ ಏಳುತ್ತವೆ. ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಇರಲೇಬೇಕು.

ಇಷ್ಟಾದ ಮೇಲೆಯೂ ಕೊಳ್ಳಬೇಕೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ, ಏಕೆಂದರೆ ಅದು ಕೊಳ್ಳುವವನ ಕಾರ್ಯವನ್ನು ಅವಲಂಬಿಸಿದೆ. ಬೀದರಿನ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜಿನಲ್ಲೋ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಯಲ್ಲೋ ಓದುವವನಿಗೆ ಆಟೋಕ್ಯಾಡಿನಂತಹ ತಂತ್ರಾಂಶಗಳು ಬೇಕಾಗುವುವು. ಅವನು 8ನೆಯ ಪೀಳಿಗೆಗಿಂತ ಹಿಂದಿನದನ್ನು ಮುಟ್ಟಬಾರದು, 8 ಜಿಬಿ ರ‍್ಯಾಮ್ ಕನಿಷ್ಠ, 16ಕ್ಕೆ ಏರಿಸಲು ಎಡೆಯಿರಬೇಕು. ಮೇಲೆ ಹೇಳಿದ ಕಚೇರಿ ಜಾತಿಯ ಯಂತ್ರಗಳಲ್ಲಿ ಅನೇಕವು ತಳದ ತಿರುಪುಗಳನ್ನು ಬಿಚ್ಚಿದರೆ ರ‍್ಯಾಮನ್ನು ಏರಿಸಿಕೊಳ್ಳಲು ಅವಕಾಶ ಕೊಡುತ್ತವೆ. ಅದೇ ಬೆಲೆಯ ತೆಳ್ಳನೆಯ ನಾಜೂಕಿನವುಗಳಲ್ಲಿ ರ‍್ಯಾಮು ಬಹುಶಃ ಹಲಗೆಗೇ ಬೆಸೆದುಹೋಗಿರುತ್ತದೆ. ನಾನಾದರೆ ಹೊಳೆಯುವ ತೆಳುವಿಗಿಂತ ಐದು ವರ್ಷ ಹಳೆಯ ದಪ್ಪ ಲ್ಯಾಟಿಟ್ಯೂಡನ್ನೇ ಆರಿಸುವೆನು. ಇನ್ನು ಬಿ.ಎ. ಓದುತ್ತ ಟಿಪ್ಪಣಿ ಬರೆಯುವ, ಸ್ಪರ್ಧಾ ಪರೀಕ್ಷೆಯ ಪಾಠಗಳನ್ನು ಕೇಳುವ ಹುಡುಗಿಗೆ 6ನೆಯ ಪೀಳಿಗೆಯ ಯಂತ್ರವೂ ವರ್ಜ್ಯವಲ್ಲ: ಅದರಲ್ಲಿ ಲಿನಕ್ಸ್ ಮಿಂಟನ್ನು ಉಚಿತವಾಗಿ ಹಾಕಿಕೊಂಡರೆ ಭದ್ರತೆಯ ತಿದ್ದುಪಡಿಗಳು ಬರುತ್ತಲೇ ಇರುತ್ತವೆ, ಕನ್ನಡದ ಕಗಪ ಕೀಲಿವಿನ್ಯಾಸವೂ ಅದರಲ್ಲಿದೆ. ಆದರೆ ಕಚೇರಿಯ ಕಾಗದಪತ್ರಗಳನ್ನು ಟೈಪು ಮಾಡಿ ನಾಲ್ಕು ಕಾಸು ಸಂಪಾದಿಸುವ ಯೋಚನೆಯಿದ್ದರೆ ಈ ಮಾರ್ಗ ಸಲ್ಲದು. ಸರ್ಕಾರಿ ಕಚೇರಿಗಳು ನುಡಿ ತಂತ್ರಾಂಶವನ್ನು ಬಳಸುತ್ತವೆ, ಅದು ವಿಂಡೋಸಿಗಾಗಿ ರಚಿತವಾದುದು. ಜೆರಾಕ್ಸ್ ಅಂಗಡಿಯಿಟ್ಟು ಆನ್‌ಲೈನ್ ಅರ್ಜಿ ತುಂಬಿಕೊಡುವವನಿಗೋ ಲ್ಯಾಪ್‌ಟಾಪೇ ಅನಾವಶ್ಯಕ. ಅಷ್ಟೇ ಹಣಕ್ಕೆ ಹಳೆಯ ಡೆಸ್ಕ್‌ಟಾಪು ಇನ್ನಷ್ಟು ಸಮರ್ಥವಾದುದು ದೊರೆಯುತ್ತದೆ.

ಔರಾದಿನವನಿಗೆ ಒಂದು ವಿಶೇಷವಾದ ತೊಡಕುಂಟು. ಭಾಲ್ಕಿಗೆ ರೈಲಿದೆ, ಔರಾದಿಗೆ ಅದಿಲ್ಲ, ಬೀದರಕ್ಕೆ ನಲವತ್ತು ಕಿಲೋಮೀಟರಿಗೂ ಮಿಕ್ಕ ಬಸ್ಸಿನ ದಾರಿ. ಹದಿನೈದು ದಿನದೊಳಗೆ ಕೆಟ್ಟರೆ ಬದಲಿಸಿ ಕೊಡುವೆವೆಂಬ ಅಂಗಡಿಯ ವಚನವು ಅಂಗಡಿಯ ಪಕ್ಕದ ಓಣಿಯವನಿಗೆ ಎಷ್ಟು ಬೆಲೆಯುಳ್ಳದ್ದೋ ಅಷ್ಟು ಔರಾದಿನವನಿಗೆ ಅಲ್ಲ, ಏಕೆಂದರೆ ಒಂದೊಂದು ದೂರಿಗೂ ಒಂದೊಂದು ದಿನದ ದುಡಿಮೆ ಕಳೆಯುತ್ತದೆ. ಅವನು ಮುಂಜಾನೆಯ ಬಸ್ಸಿಗೇ ಬಂದು, ಅಂಗಡಿಯಲ್ಲಿ ಎರಡು ತಾಸು ಕುಳಿತು, ವಿಡಿಯೊ ಓಡಿಸಿ, ಕ್ಯಾಮೆರಾ, ವೈಫೈ, ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಿ, ಕಂಪನಿಯ ಚಾರ್ಜರನ್ನೇ ಕೇಳಿ ಪಡೆದು, ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಂಡೇ ಏಳತಕ್ಕದ್ದು. ಅಂಗಡಿಯವನು ಇದಕ್ಕೆ ಬೇಸರಿಸಿದರೆ ಮುಂದಿನ ಬಸ್ಸು ಹಿಡಿಯಬಹುದು. ಖರ್ಚಾಗುವುದು ತಂದೆಯ ಟಿಕೆಟಿನ ಹಣ ಮಾತ್ರ, ಜೊತೆಗೆ ಬಂದ ಮಗಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ 2023ರಿಂದ ಹೇಗೂ ಉಚಿತ.