ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಏಪ್ರಿಲ್ ಮಧ್ಯಾಹ್ನ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೀರಿ. ಮುಂದೊಂದು ಟ್ಯಾಂಕರ್ ತೆವಳುತ್ತಿದೆ, ದಾಟಲು ಜಾಗವಿಲ್ಲ. ಡ್ಯಾಶ್‌ಬೋರ್ಡಿನ ಬಿಸಿ ತೋರುವ ಮುಳ್ಳು ನಡುವಿನ ಗೆರೆ ಬಿಟ್ಟು ಮೆಲ್ಲಗೆ ಏರತೊಡಗುತ್ತದೆ. ‘ಮೊದಲು ಏಸಿ ಆಫ್ ಮಾಡಿ’ ಎಂದು ಹಿಂದಿನ ಸೀಟಿನಿಂದ ಯಾರೋ ಕೂಗುತ್ತಾರೆ. ಆಫ್ ಮಾಡಿದ ಸ್ವಲ್ಪ ಹೊತ್ತಿಗೆ ಮುಳ್ಳು ಇಳಿಯುತ್ತದೆ. ಅಲ್ಲಿಗೆ ತೀರ್ಪೂ ಆಯಿತು: ತಪ್ಪೆಲ್ಲ ಏಸಿಯದು. ಊರಿಗೆ ಬಂದವರೇ ಏಸಿ ರಿಪೇರಿಯವನ ಬಳಿ ಹೋಗುತ್ತಾರೆ, ದುಡ್ಡು ಕೊಟ್ಟು ಗ್ಯಾಸ್ ತುಂಬಿಸುತ್ತಾರೆ. ಮುಂದಿನ ಘಾಟಿಯಲ್ಲಿ ಮತ್ತೆ ಅದೇ ಕತೆ.

ಏಸಿ ಎಂಜಿನ್ನಿಗೆ ಹೊರೆ ಎನ್ನುವುದು ನಿಜ. ಅದರ ಕಂಪ್ರೆಸರ್ ಬೆಲ್ಟಿನ ಮೂಲಕ ಎಂಜಿನ್ನಿನಿಂದಲೇ ಸುಮಾರು 3ರಿಂದ 5 ಅಶ್ವಶಕ್ತಿ ಕಸಿಯುತ್ತದೆ. (1940ರ ಮಾದರಿಯ ಅಮೆರಿಕದ ಪ್ಯಾಕರ್ಡ್ ಕಾರಿನಲ್ಲಿ ಏಸಿ ಮೊದಲು ಕಾರ್ಖಾನೆಯಿಂದಲೇ ಬಂದಾಗ ಅದಕ್ಕೆ ಸ್ವಿಚ್ಚೇ ಇರಲಿಲ್ಲ. ಚಳಿಯಾದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಆ ಬೆಲ್ಟನ್ನೇ ಬಿಚ್ಚಬೇಕಿತ್ತು!) ಆದರೆ ಹೊರೆಗಿಂತ ದೊಡ್ಡ ಸಂಗತಿ ಬೇರೆ. ಏಸಿ ಕಾರಿನೊಳಗಿನ ಸೆಕೆಯನ್ನು ನುಂಗಿಹಾಕುವುದಿಲ್ಲ, ಹೊತ್ತು ತಂದು ಹೊರಗೆ ಸುರಿಯುತ್ತದೆ. ಸುರಿಯುವ ಜಾಗ ಕಂಡೆನ್ಸರ್. ಅದನ್ನು ಕೂರಿಸಿರುವುದು ರೇಡಿಯೇಟರಿನ ನೇರ ಮುಂದೆ.

ಲೆಕ್ಕ ಹಾಕಿ ನೋಡಿ. ರೇಡಿಯೇಟರಿನೊಳಗಿನ ಕೂಲಂಟ್ 95 ಡಿಗ್ರಿ, ಹೊರಗಿನ ಗಾಳಿ 35. ನಡುವಿನ ಅಂತರ 60 ಡಿಗ್ರಿ. ಕಂಡೆನ್ಸರ್ ದಾಟುವಷ್ಟರಲ್ಲಿ ಅದೇ ಗಾಳಿ 50 ಡಿಗ್ರಿಗೆ ಕಾದಿದೆ ಎನ್ನಿ, ಅಂತರ 45ಕ್ಕೆ ಇಳಿಯಿತು. ರೇಡಿಯೇಟರ್ ಬಿಸಿ ಕಳೆಯುವುದು ಈ ಅಂತರದ ಬಲದಿಂದಲೇ. ಅಂದರೆ ಅದರ ಶಕ್ತಿಯಲ್ಲಿ ಕಾಲುಭಾಗ ಹೋಯಿತು. ಸರಿಯಾಗಿರುವ ಕಾರಿಗೆ ಇದೇನೂ ದೊಡ್ಡದಲ್ಲ, ಇದನ್ನೆಲ್ಲ ಎಣಿಸಿಯೇ ಅದನ್ನು ಕಟ್ಟಿರುತ್ತಾರೆ. ಏಸಿ ಹಾಕಿದಾಗ ಮಾತ್ರ ಕಾರು ಕಾಯುತ್ತಿದೆ ಎಂದರೆ ಆ ಕಾಲುಭಾಗದ ಮಿಗಿತವನ್ನು ಬೇರೆ ಯಾರೋ ಆಗಲೇ ತಿಂದು ಮುಗಿಸಿದ್ದಾರೆ. ಹುಡುಕಬೇಕಾದದ್ದು ಅವರನ್ನು.

ಹುಡುಕಾಟ ಶುರುವಾಗುವುದು ಸ್ಪ್ಯಾನರಿನಿಂದಲ್ಲ, ಒಂದು ಪ್ರಶ್ನೆಯಿಂದ: ಬಿಸಿ ಏರುವುದು ನಿಂತಾಗಲೋ, ಓಡುವಾಗಲೋ?

ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಏರಿ, ಹೊಸೂರು ರಸ್ತೆಯಲ್ಲಿ ವೇಗ ಹಿಡಿದೊಡನೆ ಇಳಿದರೆ ಗಾಳಿಯದೇ ಕೊರತೆ. ನಿಂತ ಕಾರಿಗೆ ಫ್ಯಾನೇ ಗತಿ. ಎಂಜಿನ್ ಚಾಲೂ ಇಟ್ಟು ಏಸಿ ಹಾಕಿ, ಬಾನೆಟ್ ಎತ್ತಿ ಕೇಳಿಸಿಕೊಳ್ಳಿ. ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸು, ರಿಲೇ, ಇಲ್ಲವೇ ಮೋಟರು. ತಿರುಗಿದರೂ ನಂಬಬೇಡಿ. ಕಾರ್ಬನ್ ಸವೆದ ಮೋಟರು ಸೋಮಾರಿಯಾಗಿ ಸುತ್ತುತ್ತದೆ, ನೋಡುವವರಿಗೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ವೈರು ಅದಲುಬದಲಾಗಿ ಜೋಡಿಸಿದರೆ ಫ್ಯಾನ್ ಉಲ್ಟಾ ತಿರುಗಿ, ಬರುವ ಗಾಳಿಗೇ ಎದುರು ನಿಲ್ಲುತ್ತದೆ.

ಫ್ಯಾನ್ ಸರಿಯಿದ್ದರೆ ಟಾರ್ಚ್ ಹಿಡಿದು ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವಿನ ಸಂದಿ ನೋಡಿ. ಯಾರೂ ನೋಡದ ಜಾಗ ಅದು. ಧೂಳು, ಹುಳು, ಒಣಹುಲ್ಲು, ಹತ್ತಿಯಂಥ ನಾರು ವರ್ಷಗಟ್ಟಲೆ ಕೂತು ಕಂಬಳಿ ಹೊದಿಸಿದಂತಾಗಿರುತ್ತದೆ. ಮುಂದಿನಿಂದ ಎಷ್ಟು ತೊಳೆದರೂ ಕಸ ಇನ್ನೂ ಒಳಕ್ಕೇ ಹೋಗುತ್ತದೆ. ಆರಿದ ಎಂಜಿನ್ನಿನ ಕಡೆಯಿಂದ ಮೆಲ್ಲಗೆ ನೀರು ಬಿಡಬೇಕು. ವಾಟರ್ ಸರ್ವಿಸ್‌ನವರ ಜೋರು ಪೈಪು ಹಿಡಿದರೆ ಎಳೆಎಳೆಯಾದ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಪೂರ್ತಿ ಮುಚ್ಚಿತು.

ವೇಗದಲ್ಲಿ, ಏರಿನಲ್ಲಿ ಬಿಸಿಯಾದರೆ ಗಾಳಿಯನ್ನು ಬಿಟ್ಟು ನೀರಿನ ಕಡೆ ತಿರುಗಿ. ಕೂಲಂಟ್ ಕಡಿಮೆಯಾಗಿದೆಯೇ, ವಾಟರ್ ಪಂಪ್ ಸೋತಿದೆಯೇ, ರೇಡಿಯೇಟರಿನ ಕೊಳವೆಗಳು ಕಟ್ಟಿವೆಯೇ? ಕೂಲಂಟ್ ಬದಲು ಬೋರ್‌ವೆಲ್ ನೀರು ಸುರಿಯುವ ಅಭ್ಯಾಸ ನಮ್ಮಲ್ಲಿ ಬಹಳ. ಬಿಸಿನೀರ ಹಂಡೆಯ ತಳದಲ್ಲಿ ಬಿಳಿ ಹೊಪ್ಪಳೆ ಕಟ್ಟುವುದನ್ನು ನೋಡಿದವರಿಗೆ ಆ ಕೊಳವೆಗಳ ಒಳಗೇನಿದೆ ಎಂದು ಹೇಳಬೇಕಿಲ್ಲ. ಕೂಲಂಟಿನಲ್ಲಿ ಗುಳ್ಳೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಖರ್ಚಿನ ಮಾತು.

ಇನ್ನೊಂದು ಗ್ಯಾರೇಜು ವೈದ್ಯವಿದೆ: ‘ನಮ್ಮ ಸೆಕೆಗೆ ಥರ್ಮೋಸ್ಟಾಟ್ ಯಾಕೆ ಸಾರ್, ಕಿತ್ತು ಬಿಸಾಕೋಣ.’ ನನಗೆ ಇದು ಒಪ್ಪಿಗೆಯಿಲ್ಲ. ಹಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಕಾದಾಗ ರೇಡಿಯೇಟರಿನ ದಾರಿ ತೆರೆಯುವುದರ ಜೊತೆಗೆ ಒಂದು ಅಡ್ಡದಾರಿಯನ್ನು ಮುಚ್ಚುತ್ತದೆ. ಕಿತ್ತರೆ ನೀರಿನ ಒಂದು ಪಾಲು ರೇಡಿಯೇಟರಿನ ಮುಖ ನೋಡದೆ ಎಂಜಿನ್ನಿನೊಳಗೇ ಸುತ್ತುತ್ತಿರುತ್ತದೆ. ಅರ್ಧಕ್ಕೆ ಸಿಕ್ಕಿಕೊಂಡಿದ್ದರೆ ಹೊಸದು ಹಾಕಿಸಿ, ಅಷ್ಟೇ.

ಸರಿ, ಇದೆಲ್ಲ ಗ್ಯಾರೇಜಿನ ಮಾತಾಯಿತು. ಟ್ಯಾಂಕರ್ ಇನ್ನೂ ಮುಂದೆಯೇ ಇದೆ. ಏಸಿ ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಹಾಕಿ. ಹುಚ್ಚೆನಿಸಬಹುದು, ಆದರೆ ಹೀಟರ್ ಎಂದರೆ ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಪುಟ್ಟ ರೇಡಿಯೇಟರ್. ಆಮೇಲೂ ಮುಳ್ಳು ಇಳಿಯದಿದ್ದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ. ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಪ್ರೆಷರ್ ಕುಕ್ಕರಿನಂತೆ ಒತ್ತಡದಲ್ಲಿರುವುದರಿಂದಷ್ಟೇ ಆ ನೀರು 110 ಡಿಗ್ರಿಯಲ್ಲೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಯಾದರೂ ಕಾಯಿರಿ. ಮೇಲಿನ ರಬ್ಬರ್ ಪೈಪು ತಣ್ಣಗಾಗಿ, ಒತ್ತಿದರೆ ಮೆತ್ತಗಾಗುವವರೆಗೆ ಟ್ಯಾಂಕರ್ ಎಷ್ಟು ಬೇಕೋ ಅಷ್ಟು ಮುಂದೆ ಹೋಗಲಿ.