ಮಿನಿಯ ಕ್ಲಚ್: ಕಳೆದ ಮಿಲಿಮೀಟರುಗಳನ್ನು ಹುಡುಕುವ ಕಸುಬು

ಸೂಯೆಜ್ ಬಿಕ್ಕಟ್ಟಿನಿಂದಾಗಿ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಬಂದ ಕಾಲದಲ್ಲಿ ರೂಪುಗೊಂಡ ಕಾರು ಮಿನಿ. 1959ರ ಆಗಸ್ಟ್ 26ರಂದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಅದನ್ನು ಜನರ ಮುಂದಿಟ್ಟಿತು. ಉದ್ದ ಬರೀ ಹತ್ತಡಿ, ಚಕ್ರ ಹತ್ತಂಗುಲದ್ದು. ಆದರೂ ಒಳಗೆ ನಾಲ್ವರು ಆರಾಮವಾಗಿ ಕೂರಬಹುದಿತ್ತು. ವಿನ್ಯಾಸಕಾರ ಅಲೆಕ್ ಇಸಿಗೊನಿಸ್ ಎಂಜಿನ್ನನ್ನು ಅಡ್ಡಡ್ಡ ಮಲಗಿಸಿ, ಗೇರ್‌ಬಾಕ್ಸನ್ನು ಅದರ ಕೆಳಗಿನ ಎಣ್ಣೆಯ ತೊಟ್ಟಿಯಲ್ಲೇ ಅಡಗಿಸಿಟ್ಟಿದ್ದರು. ಎರಡಕ್ಕೂ ಒಂದೇ ಎಣ್ಣೆ. 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯನ್ನೇ ಗೆದ್ದ ಈ ಕಾರು 2000ದ ಅಕ್ಟೋಬರ್‌ವರೆಗೆ ತಯಾರಾಯಿತು. 53 ಲಕ್ಷಕ್ಕೂ ಹೆಚ್ಚು ಮಿನಿಗಳು ರಸ್ತೆಗಿಳಿದವು. 

ಇಂದಿಗೂ ಬ್ರಿಟನ್ನಿನ ಎಷ್ಟೋ ಮನೆಗಳ ಗ್ಯಾರೇಜುಗಳಲ್ಲಿ ಮಿನಿಯ ರಿಪೇರಿ ವಾರಾಂತ್ಯದ ಕಸುಬಾಗಿ ಉಳಿದಿದೆ. ಆ ಕಸುಬಿನ ಜಾಣ್ಮೆಯೆಲ್ಲ ಎದ್ದು ಕಾಣುವುದು ಕ್ಲಚ್ ಕೈಕೊಟ್ಟಾಗ. ಪೆಡಲನ್ನು ಪೂರ್ತಿ ತುಳಿದರೂ ಕ್ಲಚ್ ಬಿಡುವುದಿಲ್ಲ, ಗೇರ್ ಕರಕರ ಎನ್ನುತ್ತದೆ. ಸಾಮಾನ್ಯವಾಗಿ ಎಲ್ಲರೂ ಮೊದಲು ಮಾಡುವುದು ಸ್ಲೇವ್ ಸಿಲಿಂಡರ್ ಬದಲಾಯಿಸುವ ಕೆಲಸ. ಅದು ಅಗ್ಗ, ಎರಡೇ ಬೋಲ್ಟಿನ ಕೆಲಸ. ಆದರೆ ಬಹಳ ಸಲ ತಪ್ಪು ಅದರದ್ದಲ್ಲ. ಅಳೆಯದೆ ಒಂದು ಬೋಲ್ಟನ್ನೂ ಸಡಿಲಿಸಬಾರದು ಎನ್ನುವವರ ಪಕ್ಷ ನನ್ನದು.

ಕ್ಲಚ್ ನಡೆಯುವ ಬಗೆ ಸರಳ. ಪೆಡಲ್ ತುಳಿದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ದ್ರವವನ್ನು ಒತ್ತುತ್ತದೆ. ದ್ರವ ಪೈಪಿನಲ್ಲಿ ಸಾಗಿ ಸ್ಲೇವ್ ಸಿಲಿಂಡರಿನ ಪಿಸ್ಟನ್ನನ್ನು ನೂಕುತ್ತದೆ. ಆ ಪಿಸ್ಟನ್ನಿನ ಕಡ್ಡಿ ಒಂದು ಲೀವರನ್ನು ತಳ್ಳಿದರೆ, ಲೀವರಿನ ಇನ್ನೊಂದು ತುದಿ ಬೇರಿಂಗನ್ನು ಕ್ಲಚ್ಚಿನ ಮೇಲೆ ಒತ್ತಿ ಪ್ಲೇಟನ್ನು ಬಿಡಿಸುತ್ತದೆ. ದ್ರವ ಕುಗ್ಗುವುದಿಲ್ಲ ಎಂಬ ನಂಬಿಕೆಯ ಮೇಲೆ ಇಷ್ಟೂ ನಿಂತಿದೆ. ಕೊಳವೆಯೊಳಗೆ ಗಾಳಿ ಸೇರಿದರೆ ಮಾತ್ರ ಆ ನಂಬಿಕೆ ಕೆಡುತ್ತದೆ, ಏಕೆಂದರೆ ಗಾಳಿ ಕುಗ್ಗುತ್ತದೆ. ಪೆಡಲಿನಿಂದ ಪ್ಲೇಟಿನವರೆಗೆ ಚಲನೆ ಹಲವರ ಕೈ ದಾಟಿ ಬರುವ ಸಂಬಳದ ಹಾಗೆ: ಒಬ್ಬೊಬ್ಬರು ಸ್ವಲ್ಪ ಸ್ವಲ್ಪ ಹಿಡಿದುಕೊಂಡರೂ ಕೊನೆಗೆ ತಲುಪುವುದು ಸಾಲುವುದಿಲ್ಲ.

ಹಾಗಾಗಿ ಮೊದಲು ಬಾನೆಟ್ ಎತ್ತಿ ಮಾಸ್ಟರ್ ಸಿಲಿಂಡರಿನ ಡಬ್ಬಿಯಲ್ಲಿ ದ್ರವದ ಮಟ್ಟ ನೋಡಬೇಕು. ಕಡಿಮೆಯಾಗಿದ್ದರೆ ಸೋರಿಕೆ ಎಲ್ಲೋ ಇದೆ. ಪೆಡಲಿನ ಮೇಲ್ಭಾಗ ಒದ್ದೆಯಾಗಿ, ಕಾಲಡಿಯ ಕಾರ್ಪೆಟ್ ನೆನೆದಿದ್ದರೆ ಮಾಸ್ಟರಿನ ಸೀಲ್ ಹೋಗಿದೆ. ಸ್ಲೇವಿನ ತುದಿಯ ರಬ್ಬರ್ ಟೊಪ್ಪಿ ಸರಿಸಿದಾಗ ಬೆರಳಿಗೆ ದ್ರವ ಹತ್ತಿದರೆ ಅಲ್ಲಿಯದು. ಹೊರಗೆ ಒಂದು ಹನಿಯೂ ಕಾಣದೆ, ಒತ್ತಿಹಿಡಿದ ಪೆಡಲ್ ನಿಧಾನಕ್ಕೆ ಕುಸಿಯುತ್ತಿದ್ದರೆ, ಮಾಸ್ಟರಿನೊಳಗೇ ದ್ರವ ಸೀಲನ್ನು ದಾಟಿ ಹಿಂದಕ್ಕೆ ಹೋಗುತ್ತಿದೆ ಎಂದರ್ಥ. ಹಳೆಯ ರಬ್ಬರ್ ಹೋಸನ್ನೂ ನಂಬುವಂತಿಲ್ಲ. ಒತ್ತಡಕ್ಕೆ ಅದು ಉಬ್ಬಿದರೆ ಚಲನೆ ಅಲ್ಲೇ ಕರಗುತ್ತದೆ, ಒಳಗೆ ಮುಚ್ಚಿಕೊಂಡರೆ ದ್ರವ ವಾಪಸು ಬಾರದೆ ಕ್ಲಚ್ ಜಾರತೊಡಗುತ್ತದೆ.

ಇಷ್ಟಾದ ಮೇಲೆ ನಿಜವಾದ ಪರೀಕ್ಷೆ. ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ಸ್ಕೇಲ್ ಹಿಡಿದು ಸ್ಲೇವಿನ ಕಡ್ಡಿ ಎಷ್ಟು ಚಲಿಸಿತೆಂದು ನೋಡಬೇಕು. ಸುಮಾರು ಅರ್ಧ ಅಂಗುಲ ಬಂದರೆ ಹೈಡ್ರಾಲಿಕ್ ಭಾಗ ಸರಿಯಿದೆ, ದೋಷ ಅದರಾಚೆಗಿದೆ. ಬಾರದಿದ್ದರೆ ಈಚೆಗೆ ಹುಡುಕಬೇಕು. ಹುಡುಕಾಟವನ್ನು ಸರಿಯಾಗಿ ಎರಡು ಭಾಗ ಮಾಡಿಕೊಡುವ ಈ ಅಳತೆಯೇ ಇಡೀ ಕಸುಬಿನ ತಿರುಳು.

ಈಚೆಗೆ ಎಂದರೆ ಗಾಳಿ, ಸೀಲು, ಹೋಸು. ಇವುಗಳ ಜೊತೆಗೆ ಯಾರ ಕಣ್ಣಿಗೂ ಬೀಳದ ಒಂದು ಪಿನ್ನೂ ಇದೆ. ಪೆಡಲನ್ನು ಮಾಸ್ಟರಿನ ಕಡ್ಡಿಗೆ ಜೋಡಿಸುವ ಆ ಪಿನ್ ದಶಕಗಳ ಓಟದಲ್ಲಿ ಸವೆದು ಸೊಂಟ ಸಣ್ಣಗಾಗಿರುತ್ತದೆ, ಪೆಡಲಿನ ದುಂಡು ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಇಲ್ಲಿ ಒಂದು ಮಿಲಿಮೀಟರ್ ಸಡಿಲವಿದ್ದರೆ ಪೆಡಲಿನ ತುದಿಯಲ್ಲಿ ಅದರ ಹಲವು ಪಟ್ಟು ಚಲನೆ ವ್ಯರ್ಥ. ಗಾಳಿ ತೆಗೆಯುವಾಗಲೂ ಒಂದು ಚಳಕವಿದೆ. ಸ್ಲೇವನ್ನು ಅದರ ಜಾಗದಿಂದ ಬಿಡಿಸಿ, ಪಿಸ್ಟನ್ನನ್ನು ಪೂರ್ತಿ ಒಳಕ್ಕೆ ಒತ್ತಿ ಹಿಡಿದು ಬ್ಲೀಡ್ ಮಾಡಿದರೆ ಮೂಲೆಯಲ್ಲಿ ಅವಿತ ಗುಳ್ಳೆಗಳಿಗೆ ಜಾಗವೇ ಉಳಿಯುವುದಿಲ್ಲ. ತುಂಬುವುದು ಬ್ರೇಕ್ ದ್ರವವನ್ನೇ. ಎಂಜಿನ್ ಆಯಿಲ್ ಹಾಕಿದರೆ ಸೀಲುಗಳು ಊದಿಕೊಂಡು ಕೆಡುತ್ತವೆ. ಬಣ್ಣದ ಮೇಲೆ ಬ್ರೇಕ್ ದ್ರವ ಬಿದ್ದರೆ ತಕ್ಷಣ ನೀರು ಸುರಿಯಬೇಕು, ಇಲ್ಲವಾದರೆ ಬಣ್ಣ ಸುಲಿದು ಬರುತ್ತದೆ.

ಆಚೆಗಿನ ಮುಖ್ಯ ಕಳ್ಳ ಲೀವರ್. ಕ್ಲಚ್ಚಿನ ಕವಚದೊಳಗೆ ಸೇರಿಕೊಂಡಿರುವ ಅದರ ತುದಿ ಹೊಸದಿದ್ದಾಗ ಗುಂಡಗೆ, ಗೋಲಿಯಂತಿರುತ್ತದೆ. ಸವೆದಾಗ ಎರಡೂ ಕಡೆ ಚಪ್ಪಟೆ. ಎಂಜಿನ್ ಕೆಳಗಿಳಿಸದೆಯೇ, ತಿರುಗಣೆಯ ಪಿನ್ ತೆಗೆದು ಲೀವರನ್ನು ಹೊರಗೆಳೆದು ನೋಡಬಹುದು. ಬೆಳಕಿಗೆ ಹಿಡಿದರೆ ಚಪ್ಪಟೆಯಾದ ಜಾಗ ಹೊಳೆಯುತ್ತದೆ. ಪೆಡಲ್ ತುಳಿದಾಗ ಎಂಜಿನ್ನಿನ ಇನ್ನೊಂದು ತುದಿಯ ಪುಲ್ಲಿಯೇ ಪಕ್ಕಕ್ಕೆ ಸರಿದರೆ ಕ್ರ್ಯಾಂಕ್‌ಶಾಫ್ಟಿನ ಥ್ರಸ್ಟ್ ವಾಷರುಗಳು ಸವೆದಿವೆ. ಅದು ದೊಡ್ಡ ಕೆಲಸ.

ಎಲ್ಲ ಸರಿಯಾಯಿತೇ ಎಂದು ತಿಳಿಯಲು ರಿವರ್ಸ್ ಗೇರ್ ಸಾಕು. ಮಿನಿಯ ರಿವರ್ಸಿಗೆ, ಗೇರುಗಳ ವೇಗ ಹೊಂದಿಸಿಕೊಡುವ ಸಿಂಕ್ರೊಮೆಶ್ ಇಲ್ಲ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ಪೆಡಲ್ ತುಳಿದು, ಕೆಲವು ಕ್ಷಣ ಕಾದು ರಿವರ್ಸಿಗೆ ಹಾಕಬೇಕು. ಸದ್ದಿಲ್ಲದೆ ಬಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿದೆ. ಅಳತೆಯೆಲ್ಲ ಸರಿಯಿದ್ದೂ ಕರಕರ ನಿಲ್ಲದಿದ್ದರೆ, ಕ್ರ್ಯಾಂಕಿನ ಮೇಲೆ ಸರಾಗವಾಗಿ ತಿರುಗಬೇಕಾದ ಪ್ರೈಮರಿ ಗೇರಿನ ಬುಷ್ ಹಿಡಿದುಕೊಂಡಿರಬಹುದು. ಆಗ ಮಾತ್ರ ಕವಚ ತೆಗೆದು, ವಿಶೇಷ ಪುಲ್ಲರಿನಿಂದ ಫ್ಲೈವೀಲನ್ನು ಕೀಳಬೇಕು. ಅಷ್ಟು ದೂರ ಹೋದವರು ಪ್ರೈಮರಿ ಗೇರಿನ ಆಯಿಲ್ ಸೀಲನ್ನೂ ಬದಲಾಯಿಸಿಯೇ ಮುಚ್ಚುವುದು ಮೇಲು. ಅದು ಸೋರಿದರೆ ಎಂಜಿನ್ ಆಯಿಲ್ ನೇರ ಕ್ಲಚ್ ಪ್ಲೇಟಿಗೇ ಹೋಗುತ್ತದೆ.