ಬೆಳೆಯ ಲೆಕ್ಕವನ್ನು ಕೇಳುವ ಬಗೆ

ಎಕರೆಗೆ ಎಷ್ಟು ರಾಗಿ ಬಂದಿತೆಂದು ಕೇಳಿದರೆ, "ಏನು ಬಂತು ಸ್ವಾಮಿ, ಬಿತ್ತಿದ್ದೂ ಹುಟ್ಟಲಿಲ್ಲ" ಎಂಬ ಉತ್ತರವೇ ಸಾಮಾನ್ಯವಾಗಿ ದೊರೆಯುವುದು. ಇದನ್ನು ಸುಳ್ಳುತನವೆಂದು ಜರೆಯಲಾಗದು. ಫಸಲಿನ ಲೆಕ್ಕ ಕೇಳಿದವರು ಬಹುಕಾಲ ಕಂದಾಯ ವಿಧಿಸುವವರೇ ಆಗಿದ್ದರು. 1800-01ರಲ್ಲಿ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಬುಕನನ್ ಸಾಹೇಬನು ಊರೂರಲ್ಲಿಯೂ ಬೆಳೆಯನ್ನು ವಿಚಾರಿಸಿದನು. ಟಿಪ್ಪುವು ಮಡಿದು ಒಂದೆರಡು ವರ್ಷವಷ್ಟೇ ಆಗಿರಲು, ಹೊಸ ದೊರೆತನದವನ ಮುಂದೆ ಯಾವ ಒಕ್ಕಲು ತಾನೆ ಹಗೇವಿನ ಬಾಯಿ ತೆರೆದೀತು?

ಆದುದರಿಂದ ಜಗುಲಿಯ ಮೇಲೆ ನಾಲ್ವರೆದುರಿಗೆ ಕೇಳಬಾರದು; ಅಲ್ಲಿ ಸಾಲ ಕೊಟ್ಟವನೂ ಕುಳಿತಿರಬಹುದು. ಕಣದಲ್ಲಿ ಒಬ್ಬನೇ ಇರುವಾಗ ಮಳೆ, ಬಿತ್ತನೆಗಳ ಮಾತೆತ್ತಿ, ಕೊಯ್ಲಿಗೆ ಎಷ್ಟು ಆಳು ಬಂದರು, ಎಷ್ಟು ಮೂಟೆ ಹೊರಿಸಿದಿರಿ, ಹುಲ್ಲಿನ ಮೆದೆ ಹೋದ ವರ್ಷದಷ್ಟಿದೆಯೆ ಎಂದು ಕೇಳುತ್ತ ಹೋದರೆ ಲೆಕ್ಕವು ತಾನಾಗಿ ಹೊರಬೀಳುವುದು. ಉತ್ತರ ತಡವಾದರೆ ಸುಮ್ಮನಿರಬೇಕು. "ಹತ್ತು ಮೂಟೆ ಆಗಿರಬಹುದೆ?" ಎಂದು ನಾವೇ ಸೂಚಿಸಿದರೆ, ಆತನು ದಾಕ್ಷಿಣ್ಯಕ್ಕಾಗಿ ಹೌದೆನ್ನುವನು.

2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ರಾಗಿಯ ಇಳುವರಿಯನ್ನು 5 ಮೀಟರ್ ಚೌಕದ ಕೊಯ್ಲಿನಿಂದ ತಿಳಿಯುವರು. ಆ ತೂಕದ 400 ಪಾಲು ಹೆಕ್ಟೇರಿನ ಇಳುವರಿ. ಆದರೆ ಕದ್ದುಮುಚ್ಚಿ ಹಾಯಿಸಿದ ನೀರನ್ನು ತಕ್ಕಡಿಯು ಹೇಳಲಾರದು. ನೀರುಂಡ ಪೈರನ್ನು ಖುಷ್ಕಿಯೆಂದು ಬರೆಸಿದರೆ, ಖುಷ್ಕಿಯ ಸರಾಸರಿ ಏರಿ, ಮಳೆ ಕೈಕೊಟ್ಟ ನೆರೆಯವರ ಪರಿಹಾರವು ತಪ್ಪೀತು. ಮುಖಂಡರು ಲೆಕ್ಕ ಕೇಳುವ ಮೊದಲೇ ಇದನ್ನು ರೈತನಿಗೆ ಬಿಡಿಸಿ ತಿಳಿಸುವುದು ಯುಕ್ತ.